ಬಿರುಕು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ತಿಂಗಳು ಟೆರೇಸ್ ಸೋರುವ ಬಗ್ಗೆ ಬರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ, ಬ್ಯಾಕ್ಟೀರಿಯಾ ಬಳಸಿ ಬಿರುಕು ಮುಚ್ಚುವ ಕಾಂಕ್ರೀಟ್ ಕೂಡ ಬಂದಿದೆ ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕುಂದಾಪುರದ ಕಡೆಯಿಂದ ಹಿಡಿದು ಉಳ್ಳಾಲದವರೆಗೆ ಎಲ್ಲರ ಮನೆಯ ಸ್ಲ್ಯಾಬಿಗೂ ಒಂದೇ ಕಾಯಿಲೆ ಇದ್ದ ಹಾಗೆ ಕಾಣುತ್ತದೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಒಂದೇ ರೀತಿಯ ಪತ್ರಗಳನ್ನು ಸೇರಿಸಿ ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಮೇಡಂ, ನಮಸ್ಕಾರ. ನಮ್ಮ ಮನೆ ಕಟ್ಟಿ ನಾಲ್ಕು ವರ್ಷ ಆಯ್ತು. ಟೆರೇಸಿನಲ್ಲಿ ಕೂದಲೆಳೆಯಂಥ ಬಿರುಕುಗಳು ಉಂಟು. ಜೂನ್‌ನಲ್ಲಿ ಹಾಲ್‌ನ ಮೂಲೆ ಒದ್ದೆಯಾಗುತ್ತದೆ. ನೀವು ಬರೆದ ಬ್ಯಾಕ್ಟೀರಿಯಾದ ವಿಷಯ ನಿಜವಾ ಮಾರಾಯ್ರೆ? ಕಲ್ಲಿನ ಹಾಗಿರುವ ಕಾಂಕ್ರೀಟಿನ ಒಳಗೆ ಜೀವ ಹೇಗೆ ಉಳಿಯುತ್ತದೆ? ಊಟ, ನೀರು, ಗಾಳಿ ಒಂದೂ ಇಲ್ಲವಲ್ಲ?
– ಕಾಪುವಿನ ಓದುಗರು

ನಿಜ. ಆದರೆ ಎಷ್ಟು ನಿಜ, ಎಲ್ಲಿಯವರೆಗೆ ನಿಜ ಅನ್ನೋದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಮೊದಲು ನಿಮ್ಮ ಸಂಶಯ. ಏಪ್ರಿಲ್ ಕೊನೆಗೆ ಯಾವುದಾದರೂ ಹಳೆ ಮುರಕಲ್ಲಿನ ಕಂಪೌಂಡ್ ಗೋಡೆಯ ಹತ್ತಿರ ಹೋಗಿ ನೋಡಿ. ಪಾಚಿ ಕಪ್ಪಗೆ ಒಣಗಿ ಅಂಟಿಕೊಂಡಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದು ಸತ್ತೇ ಹೋಗಿದೆ ಅಂತ ಯಾರಾದರೂ ಹೇಳುತ್ತಾರೆ. ಮೊದಲ ನಾಲ್ಕು ಮಳೆ ಬೀಳಲಿ, ವಾರದೊಳಗೆ ಅದೇ ಗೋಡೆ ಹಸಿರು. ಕೆಲವು ಬ್ಯಾಕ್ಟೀರಿಯಾಗಳು ಇದಕ್ಕಿಂತಲೂ ಗಟ್ಟಿ. ನೀರು, ಆಹಾರ ಇಲ್ಲದ ಕಾಲ ಬಂದರೆ ತಮ್ಮ ಸುತ್ತ ದಪ್ಪ ಕವಚ ಕಟ್ಟಿಕೊಂಡು ಬೀಜಕವಾಗಿ ಮಲಗಿಬಿಡುತ್ತವೆ. ಹಾಗೆ ದಶಕಗಟ್ಟಲೆ ಇರಬಲ್ಲವು. ಉಸಿರಾಟ, ಊಟ ಯಾವುದೂ ಬೇಡ.

ಇದನ್ನು ಕಾಂಕ್ರೀಟಿಗೆ ತಂದವರಲ್ಲಿ ಮುಖ್ಯರು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹೆಂಕ್ ಯೊಂಕರ್ಸ್. ಅವರು ಸಿವಿಲ್ ಎಂಜಿನಿಯರ್ ಅಲ್ಲ, ಸೂಕ್ಷ್ಮಜೀವಿಗಳನ್ನು ಓದಿದವರು. 2006ರ ಸುಮಾರಿಗೆ ಈ ಕೆಲಸ ಶುರು ಮಾಡಿದರು. ಅವರ ಮುಂದಿದ್ದ ಮೊದಲ ತೊಡಕು ಏನೆಂದರೆ ಕಾಂಕ್ರೀಟಿನ ಒಳಗಿನ ಕ್ಷಾರ. ಕ್ಷಾರ ಎಷ್ಟು ಅಂತ ಹೇಳುವ ಅಳತೆ ಪಿಎಚ್, ಇಲ್ಲಿ ಅದು 12ರಿಂದ 13 ಇರುತ್ತದೆ. ಸಿಮೆಂಟ್ ಕೆಲಸ ಮಾಡುವವರ ಬೆರಳ ಸಂದಿ ಒಡೆದು ಉರಿಯುವುದನ್ನು ನೀವು ನೋಡಿರಬಹುದು, ಅದೂ ಈ ಕ್ಷಾರದಿಂದಲೇ. ಸಾಮಾನ್ಯ ಬ್ಯಾಕ್ಟೀರಿಯಾ ಅಲ್ಲಿ ಬದುಕುವುದಿಲ್ಲ. ಹಾಗಾಗಿ ಕ್ಷಾರವನ್ನೇ ಇಷ್ಟಪಡುವ ಜಾತಿಗಳನ್ನು ಆರಿಸಿಕೊಂಡರು, ಬ್ಯಾಸಿಲಸ್ ಕೋಹ್ನಿ, ಬ್ಯಾಸಿಲಸ್ ಸ್ಯೂಡೋಫರ್ಮಸ್ ಅಂತ ಹೆಸರು. ಇಂಥ ಕ್ಷಾರಪ್ರಿಯ ಜೀವಿಗಳು ಸೋಡಾ ಸರೋವರಗಳಲ್ಲಿ ಸಿಗುತ್ತವೆ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಲೋನಾರ್ ಅಂಥ ಒಂದು ಸರೋವರ.

ಇನ್ನು ಊಟ. ಬೀಜಕದ ಜೊತೆಗೇ ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಪುಡಿ ಸೇರಿಸಿ ಇಡುತ್ತಾರೆ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲ ಉಂಟಲ್ಲ, ಅದು ಕ್ಯಾಲ್ಸಿಯಂ ಜೊತೆ ಸೇರಿದರೆ ಆಗುವ ಲವಣ ಇದು. ಆದರೆ ಎರಡನ್ನೂ ಹಾಗೇ ಸಿಮೆಂಟಿಗೆ ಸುರಿದರೆ ಮಿಕ್ಸರಿನಲ್ಲಿ ಒದ್ದೆಯಾಗಿ ಅಲ್ಲೇ ಎಚ್ಚರಗೊಂಡುಬಿಡಬಹುದು, ಇಲ್ಲ ಅರೆದುಹೋಗಬಹುದು. ಅದಕ್ಕೆ ಮೊದಲು ಸುಟ್ಟ ಜೇಡಿಮಣ್ಣಿನ ಸಣ್ಣ ಹಗುರ ಉಂಡೆಗಳೊಳಗೆ ತುಂಬಿದರು, ಆಮೇಲೆ ಬೇರೆ ಬಗೆಯ ಹೊದಿಕೆ ಮಾಡಿದರು. ನಮ್ಮಲ್ಲಿ ಅಕ್ಕಿಯನ್ನು ಒಣಹುಲ್ಲಿನಲ್ಲಿ ಬಿಗಿಯಾಗಿ ಸುತ್ತಿ ಮುಡಿ ಕಟ್ಟುತ್ತಿದ್ದರಲ್ಲ, ಹುಳ ಹಿಡಿಯದ ಹಾಗೆ, ಮಳೆಗಾಲದ ತೇವ ತಾಗದ ಹಾಗೆ. ಅದೇ ಉಪಾಯ. ಮುಡಿ ಬಿಚ್ಚುವ ದಿನದವರೆಗೆ ಒಳಗಿನದು ಒಳಗೇ ಕ್ಷೇಮ.

ಮುಡಿ ಬಿಚ್ಚುವುದು ಬಿರುಕು. ಸ್ಲ್ಯಾಬ್ ಬಿರಿದಾಗ ಆ ದಾರಿಯಲ್ಲಿದ್ದ ಉಂಡೆಯೂ ಒಡೆಯುತ್ತದೆ. ಮಳೆನೀರು ಇಳಿಯುತ್ತದೆ, ಜೊತೆಗೆ ಗಾಳಿಯೂ. ಬೀಜಕ ಎಚ್ಚರಗೊಂಡು ಲ್ಯಾಕ್ಟೇಟ್ ತಿನ್ನಲು ಶುರು ಮಾಡುತ್ತದೆ. ತಿಂದು ಉಸಿರಾಡಿದಾಗ ಒಂದು ಪಾಲು ಸುಣ್ಣದ ಕಲ್ಲು ಬರುತ್ತದೆ, ಐದು ಪಾಲು ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಆ ಅನಿಲ ಸುಮ್ನೆ ಹೋಗುವುದಿಲ್ಲ, ಕಾಂಕ್ರೀಟಿನೊಳಗೆ ಮೊದಲೇ ಇರುವ ಸುಣ್ಣದ ಜೊತೆ ಸೇರಿ ಇನ್ನೂ ಐದು ಪಾಲು ಸುಣ್ಣದ ಕಲ್ಲಾಗುತ್ತದೆ. ಒಂದಕ್ಕೆ ಆರು! ನನಗೆ ಈ ಲೆಕ್ಕ ಮೊದಲ ಸಲ ಅರ್ಥವಾದ ದಿನ ಎಷ್ಟು ಖುಷಿಯಾಗಿತ್ತು ಅಂದರೆ ಮರುದಿನ ಕ್ಲಾಸಿನಲ್ಲಿ ಬೋರ್ಡ್ ತುಂಬಾ ಅದನ್ನೇ ಬರೆದಿದ್ದೆ. ಮರುವಾಯಿಯ ಚಿಪ್ಪು ಯಾವ ವಸ್ತುವೋ ಈ ಬಿರುಕಿನಲ್ಲಿ ತುಂಬಿಕೊಳ್ಳುವುದೂ ಅದೇ ವಸ್ತು. ಇನ್ನೊಂದು ಲಾಭ, ಬ್ಯಾಕ್ಟೀರಿಯಾ ಉಸಿರಾಡುವಾಗ ಆಮ್ಲಜನಕ ಖರ್ಚಾಗುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಬೇಕಾದದ್ದೂ ಅದೇ ಆಮ್ಲಜನಕ.

ಈಗ ಎಲ್ಲಿಯವರೆಗೆ ನಿಜ ಅನ್ನುವ ಮಾತು. ಯೊಂಕರ್ಸ್ ಮತ್ತು ಅವರ ಜೊತೆಯವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿರುಕು ಬಿಟ್ಟ ತುಂಡುಗಳನ್ನು 100 ದಿನ ನೀರಿನಲ್ಲಿ ಮುಳುಗಿಸಿಟ್ಟರು. ಬ್ಯಾಕ್ಟೀರಿಯಾ ಇದ್ದ ತುಂಡಿನಲ್ಲಿ 0.46 ಮಿ.ಮೀ. ಅಗಲದವರೆಗಿನ ಬಿರುಕು ಮುಚ್ಚಿತು. ಬ್ಯಾಕ್ಟೀರಿಯಾ ಇಲ್ಲದ ತುಂಡಿನಲ್ಲಿ 0.18 ಮಿ.ಮೀ.ವರೆಗೆ. ಈ ಎರಡನೇ ಅಂಕಿಯನ್ನು ಗಮನಿಸಿ. ಯಾರೂ ಏನೂ ಸೇರಿಸದಿದ್ದರೂ ಒಳ್ಳೆಯ ಕಾಂಕ್ರೀಟ್ ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಏಕೆಂದರೆ ಒಳಗೆ ಇನ್ನೂ ನೀರು ಕುಡಿಯದ ಸಿಮೆಂಟಿನ ಕಣಗಳು ಉಳಿದಿರುತ್ತವೆ. ಬ್ಯಾಕ್ಟೀರಿಯಾ ಮಾಡುವುದು ಆ ಶಕ್ತಿಯನ್ನು ಎರಡೂವರೆ ಪಟ್ಟು ಜಾಸ್ತಿ ಮಾಡುವ ಕೆಲಸ. ಅರ್ಧ ಮಿಲಿಮೀಟರಿನ ಒಳಗಿನ ಆಟ ಇದೆಲ್ಲ. ಬೆರಳು ತೂರುವ ಬಿರುಕಿಗೆ ಇದು ಮದ್ದಲ್ಲ.

ನಿಮ್ಮ ಬಿರುಕು ಎಷ್ಟು ಅಗಲ ಅಂತ ನೋಡಲು ಲೆನ್ಸ್ ಬೇಕಿಲ್ಲ. ಸಾಮಾನ್ಯ ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಒಂದು ಹಾಳೆಯ ಅಂಚು ಮಾತ್ರ ಹೋಗುತ್ತದಾ, ಮೂರು ಹಾಳೆ ಜೋಡಿಸಿದರೂ ಹೋಗುತ್ತದಾ ನೋಡಿ. ಮೂರು ಹೋದರೆ 0.3 ಮಿ.ಮೀ. ಆಯ್ತು. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ, 2000ನೇ ಇಸವಿಯ ಐಎಸ್ 456, ಸಾಮಾನ್ಯ ಜಾಗಕ್ಕೆ ಒಪ್ಪುವ ಮಿತಿ ಅದು. ಸದಾ ತೇವ ಇರುವ ಕಡೆ 0.2 ಮಿ.ಮೀ. ನಮ್ಮ ಟೆರೇಸುಗಳನ್ನು ನಾನು ಎರಡನೇ ಲೆಕ್ಕಕ್ಕೇ ಸೇರಿಸುತ್ತೇನೆ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಊರಲ್ಲಿ ಬೇರೆ ಲೆಕ್ಕ ಹಾಕುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಹಾಲ್‌ನ ಮೂಲೆಯಲ್ಲಿ ಸ್ಲ್ಯಾಬಿನ ಅಡಿಯಿಂದ ಬಿಳಿ ಗೆರೆ ಅಥವಾ ಸಣ್ಣ ಬಿಳಿ ಕೊಂಬು ಇಳಿದಿದೆಯಾ ಅಂತಲೂ ನೋಡಿ. ಅದೂ ಸುಣ್ಣದ ಕಲ್ಲೇ. ನೀರು ಸ್ಲ್ಯಾಬಿನೊಳಗಿನ ಸುಣ್ಣವನ್ನು ಕರಗಿಸಿಕೊಂಡು ಬಂದು ಕೆಳಗೆ ಗಾಳಿ ತಾಗಿದಲ್ಲಿ ಬಿಟ್ಟುಹೋಗಿರುತ್ತದೆ. ಬಿರುಕಿನೊಳಗೆ ಕೂತು ಬಾಗಿಲು ಮುಚ್ಚಬೇಕಾದದ್ದು ಹೊರಗೆ ತೊಟ್ಟಿಕ್ಕುತ್ತಿದೆ ಅಂತ ಅರ್ಥ. ನೀರು ಜೋರಾಗಿ ಓಡುವ ಕಡೆ ಬಿರುಕು ತಾನೇ ಮುಚ್ಚಿಕೊಳ್ಳುವುದು ಕಷ್ಟ. ಅಂಥದ್ದು ಕಂಡರೆ ಕಾಯುತ್ತಾ ಕೂರಬೇಡಿ, ಮುಂದಿನ ಉತ್ತರ ಓದಿ.

ನಮ್ಮದು ಇಪ್ಪತ್ತೈದು ವರ್ಷ ಹಳೆಯ ಮನೆ. ಒಬ್ಬರು ಬಂದು ಬ್ಯಾಕ್ಟೀರಿಯಾದ ಲಿಕ್ವಿಡ್ ಹೊಡೆಯುತ್ತೇವೆ, ಮತ್ತೆ ಜನ್ಮದಲ್ಲಿ ಸೋರುವುದಿಲ್ಲ ಅಂತಾರೆ. ದುಡ್ಡು ಜಾಸ್ತಿಯೇ ಹೇಳಿದ್ದಾರೆ. ಮಾಡಿಸಬಹುದಾ?
– ಬ್ರಹ್ಮಾವರದ ಓದುಗರು

ದುಡ್ಡು ಕೊಡುವ ಮೊದಲು ಸುತ್ತಿಗೆ ಹಿಡಿದುಕೊಂಡು ಸ್ಲ್ಯಾಬಿನ ಅಡಿಗೆ ಹೋಗಿ. ಯಾಕೆ ಅಂತ ಹೇಳುತ್ತೇನೆ.

ಮಲ್ಪೆ ಹತ್ತಿರ ನನ್ನ ತವರುಮನೆ. ಕಡಲು ಕಾಣುವುದಿಲ್ಲ, ಆದರೆ ಗಾಳಿ ಬೀಸಿದಾಗ ಕಿಟಕಿಯ ಸರಳಿಗೆ ಉಪ್ಪು ಅಂಟುವಷ್ಟು ಹತ್ತಿರ. ಒಂದು ಜುಲೈ ತಿಂಗಳಲ್ಲಿ ಹಿಂದಿನ ಬಾಗಿಲ ಮೇಲಿನ ಸಜ್ಜಾದಿಂದ ಒಂದು ಅಂಗೈಯಗಲದ ತುಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಅಮ್ಮ ಆಗಷ್ಟೇ ಬಕೆಟ್ ಎತ್ತಿಕೊಂಡು ಒಳಗೆ ಹೋಗಿದ್ದರು. ನಾನು ಹೋಗಿ ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಕಬ್ಬಿಣದ ಸರಳಿನ ಅಚ್ಚು ಅದರ ಒಂದು ಬದಿಯಲ್ಲಿ ಹಾಗೇ ಮೂಡಿತ್ತು, ಕಂದು ಬಣ್ಣದ ಗೆರೆಗಳ ಸಮೇತ. ಆ ಅಚ್ಚಿನಿಂದ ಹೊರಮೈವರೆಗೆ ಇದ್ದ ಕಾಂಕ್ರೀಟ್ ನನ್ನ ಕಿರುಬೆರಳಿನ ಉಗುರಿನಷ್ಟು ಅಗಲವೂ ಇರಲಿಲ್ಲ. ಮೇಲೆ ನೋಡಿದರೆ ಸರಳು ಪದರ ಪದರವಾಗಿ ಎದ್ದು ನಿಂತಿತ್ತು, ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಇಡುವ ಬದಲು ಯಾರೋ ಒಂದೊಂದು ಜಲ್ಲಿ ಚೂರು ಸಿಕ್ಕಿಸಿದ್ದರು, ಕಾಂಕ್ರೀಟ್ ಸುರಿಯುವಾಗ ಅದು ಜಾರಿ ಸರಳು ಹಲಗೆಗೆ ಕೂತುಬಿಟ್ಟಿತ್ತು. ಅವತ್ತು ಕೆಲಸ ಮಾಡಿಸಿದವರು ನೋಡಲಿಲ್ಲ, ನಮ್ಮ ಮನೆಯವರಿಗೂ ನೋಡಬೇಕು ಅಂತ ಗೊತ್ತಿರಲಿಲ್ಲ.

ಕಬ್ಬಿಣ ತುಕ್ಕಾದರೆ ಮೊದಲಿನ ಜಾಗ ಸಾಲುವುದಿಲ್ಲ, ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ದೂಡಿ ದೂಡಿ ಕಾಂಕ್ರೀಟನ್ನು ಒಡೆಯುತ್ತದೆ. ಇದು ಒಳಗಿನ ಬಿರುಕು, ಮಳೆನೀರಿನ ಬಿರುಕಲ್ಲ. ಕಡಲಗಾಳಿಯ ಉಪ್ಪು ಒಮ್ಮೆ ಸರಳಿನವರೆಗೆ ಹೋಗಿ ಕೂತ ಮೇಲೆ ಮೇಲಿಂದ ಯಾವ ಬ್ಯಾಕ್ಟೀರಿಯಾ ಹೊಡೆದರೂ ಆ ಉಪ್ಪನ್ನು ಹೊರಗೆ ತೆಗೆಯುವುದಿಲ್ಲ. ಬಾಯಿ ಮುಚ್ಚಬಹುದು, ಒಳಗಿನ ಕಾಯಿಲೆ ನಿಲ್ಲುವುದಿಲ್ಲ.

ಹಾಗಾಗಿ ಸುತ್ತಿಗೆ. ಸ್ಲ್ಯಾಬಿನ ಅಡಿ, ಬೀಮಿನ ಅಂಚು, ಸಜ್ಜಾ ಎಲ್ಲ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಎದ್ದು ನಿಂತಿದ್ದರೆ ಡಬ ಡಬ ಅನ್ನುತ್ತದೆ. ಬಿರುಕು ಸರಳಿನ ಗುಂಟ ನೇರ ಗೆರೆಯಾಗಿ ಓಡಿದ್ದರೆ, ಕಂದು ಕಲೆ ಇಳಿದಿದ್ದರೆ ಅದೂ ತುಕ್ಕಿನ ಗುರುತೇ. ಅಂಥ ಕಡೆ ಎದ್ದದ್ದನ್ನೆಲ್ಲ ಕಿತ್ತು, ಸರಳಿನ ಹಿಂದಿನವರೆಗೂ ಬಿಡಿಸಿ, ತುಕ್ಕು ಉಜ್ಜಿ ತೆಗೆದು, ಸರಳಿಗೆ ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆಯಿಂದ ಮತ್ತೆ ಕಟ್ಟಬೇಕು. ಸರಳು ತುಂಬಾ ಸವೆದಿದ್ದರೆ ಎಂಜಿನಿಯರ್ ಬಂದು ನೋಡಲೇಬೇಕು. ಅಡ್ಡದಾರಿ ಇಲ್ಲ.

ಎರಡನೇ ಪರೀಕ್ಷೆ, ಬಿರುಕು ಜೀವಂತವಾ ಅಂತ. ಟೆರೇಸ್ ಬಿಸಿಲಿಗೆ ಹಿಗ್ಗುತ್ತದೆ, ಮಳೆ ಬಿದ್ದ ಕೂಡಲೇ ಕುಗ್ಗುತ್ತದೆ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ, ನಡುವೆ ಅಡ್ಡಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಹಚ್ಚಿ ಬಿಡಿ. ಎರಡು ತಿಂಗಳಲ್ಲಿ ಪಟ್ಟಿ ಒಡೆದರೆ ಬಿರುಕು ಇನ್ನೂ ಅಲುಗಾಡುತ್ತಿದೆ. ಬ್ಯಾಕ್ಟೀರಿಯಾ ಮಾಡಿಕೊಡುವುದು ಕಲ್ಲು, ಕಲ್ಲು ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಅಲುಗಾಡುವ ಬಿರುಕಿಗೆ ಹಿಗ್ಗಿ ಕುಗ್ಗುವ ಸೀಲಂಟೇ ಬೇಕು.

ಇವೆರಡೂ ಇಲ್ಲ, ಬರೀ ಸಣ್ಣ, ನಿಂತ ಬಿರುಕು ಅಂತಾದರೆ ಬ್ಯಾಕ್ಟೀರಿಯಾದ ಲಿಕ್ವಿಡ್ಡಿಗೆ ಅರ್ಥ ಉಂಟು. ಡೆಲ್ಫ್ಟಿನವರ ಕೆಲಸದಲ್ಲೇ ಮೂರು ಬಗೆ ಬಂದಿವೆ. ಹೊಸ ಕಾಂಕ್ರೀಟಿಗೆ ಸೇರಿಸುವುದು ಒಂದು, ದುರಸ್ತಿಯ ಗಾರೆ ಇನ್ನೊಂದು, ಹಳೆಯ ಬಿರುಕಿಗೆ ಕುಡಿಸುವ ದ್ರವ ಮೂರನೆಯದು. ನಿಮ್ಮ ಮನೆಗೆ ಬಂದವರನ್ನು ಕೂರಿಸಿ ನೇರವಾಗಿ ಕೇಳಿ: ಇದರಲ್ಲಿರುವ ಬ್ಯಾಕ್ಟೀರಿಯಾದ ಹೆಸರೇನು? ಅದಕ್ಕೆ ಆಹಾರ ಏನು ಕೊಟ್ಟಿದ್ದೀರಿ? ಎಷ್ಟು ಮಿಲಿಮೀಟರ್ ಬಿರುಕಿನವರೆಗೆ ಕೆಲಸ ಮಾಡುತ್ತದೆ? ಹೊಡೆದ ಮೇಲೆ ಎಷ್ಟು ದಿನ ಒದ್ದೆ ಇಡಬೇಕು? ಗೊತ್ತಿದ್ದವರು ಎರಡು ನಿಮಿಷದಲ್ಲಿ ಹೇಳುತ್ತಾರೆ. ಜನ್ಮಪೂರ್ತಿ ಗ್ಯಾರಂಟಿ ಅನ್ನುವ ಮಾತನ್ನು ಮಾತ್ರ ನಾನು ಯಾರಿಂದಲೂ ನಂಬುವುದಿಲ್ಲ, ಏಕೆಂದರೆ ಬಿರುಕಿಗೆ ಕೊಟ್ಟ ಆಹಾರ ಮುಗಿದ ದಿನ ಕೆಲಸವೂ ಮುಗಿಯಿತು.

ಮೇಡಂ, ನಾನು ಸಿವಿಲ್ ಕೊನೆಯ ವರ್ಷ. ನಮ್ಮ ಪ್ರಾಜೆಕ್ಟಿನಲ್ಲಿ ಬ್ಯಾಕ್ಟೀರಿಯಾದ ನೀರನ್ನು ನೇರವಾಗಿ ಕಾಂಕ್ರೀಟಿಗೆ ಸೇರಿಸಿ ಕ್ಯೂಬ್ ಹಾಕಿದೆವು. 28 ದಿನದ ಬಲ ಸ್ವಲ್ಪ ಜಾಸ್ತಿ ಬಂತು. ಹಾಗಾದರೆ ಇದನ್ನು ಎಲ್ಲರೂ ಯಾಕೆ ಬಳಸುವುದಿಲ್ಲ?
– ಸುರತ್ಕಲ್‌ನಿಂದ ಒಬ್ಬ ವಿದ್ಯಾರ್ಥಿ

ನೀವು ಕೈಯಾರೆ ಮಾಡಿ ನೋಡಿದ್ದೀರಿ, ಅದಕ್ಕೆ ಸಂತೋಷ. ಆದರೆ ಬಲ ಜಾಸ್ತಿ ಬರುವುದೂ ಬಿರುಕು ಮುಚ್ಚುವುದೂ ಬೇರೆ ಬೇರೆ. ಕ್ಯೂಬನ್ನು ಮೆಷಿನ್ನಿನಲ್ಲಿ ಒಡೆದರೆ ಬಲ ಗೊತ್ತಾಗುತ್ತದೆ, ಅಷ್ಟೇ. ಮುಚ್ಚುತ್ತದಾ ಅಂತ ನೋಡಲು ಮೊದಲು ಬಿರುಕು ಮಾಡಬೇಕು, ಅದರ ಅಗಲ ಅಳೆಯಬೇಕು, ನೀರಲ್ಲಿಟ್ಟು ವಾರ ವಾರ ಫೋಟೊ ತೆಗೆಯಬೇಕು, ಕೊನೆಗೆ ಎಷ್ಟು ನೀರು ದಾಟುತ್ತದೆ ಅಂತ ಅಳೆಯಬೇಕು. ಜೊತೆಗೆ ಬ್ಯಾಕ್ಟೀರಿಯಾ ಇಲ್ಲದ ತುಂಡೂ ಪಕ್ಕದಲ್ಲೇ ಇರಬೇಕು, ಮೇಲೆ ಹೇಳಿದ ಆ 0.18 ಮಿ.ಮೀ. ನೆನಪಿರಲಿ.

ಇನ್ನೊಂದು ಮುಖ್ಯ ವಿಷಯ, ವಯಸ್ಸು. ಸಿಮೆಂಟ್ ಗಟ್ಟಿಯಾಗುತ್ತಾ ಹೋದ ಹಾಗೆ ಅದರೊಳಗಿನ ಸೂಕ್ಷ್ಮ ರಂಧ್ರಗಳು ಸಣ್ಣದಾಗುತ್ತವೆ, ಕೊನೆಗೆ ಬೀಜಕಕ್ಕಿಂತಲೂ ಸಣ್ಣ. ಬೀಜಕ ಸುಮಾರು ಒಂದು ಮೈಕ್ರಾನ್ ಇರುತ್ತದೆ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಹೊದಿಕೆಯಿಲ್ಲದೆ ನೇರವಾಗಿ ಸೇರಿಸಿದ ಬೀಜಕಗಳು ಹೀಗೆ ನಜ್ಜುಗುಜ್ಜಾಗಿ ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಬಾರದಂತಾದವು ಅಂತ ಡೆಲ್ಫ್ಟಿನಲ್ಲೇ ಕಂಡುಕೊಂಡರು. ಅಲ್ಲಿಂದಲೇ ಉಂಡೆಯ ಉಪಾಯ ಬಂದದ್ದು. ಅದಕ್ಕೂ ಮೊದಲು ಅಮೆರಿಕದ ಸೌತ್ ಡಕೋಟಾದಲ್ಲಿ ಸೂಕಿ ಬ್ಯಾಂಗ್, ವಿ. ರಾಮಕೃಷ್ಣನ್ ಮುಂತಾದವರು ಬ್ಯಾಕ್ಟೀರಿಯಾವನ್ನು ಪಾಲಿಯುರಿಥೇನ್ ಫೋಮಿನೊಳಗೆ ಇಟ್ಟು ಕಾಪಾಡುವುದನ್ನು 2001ರಲ್ಲೇ ತೋರಿಸಿದ್ದರು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಯೂರಿಯಾ ತಿನ್ನುವ ಬ್ಯಾಕ್ಟೀರಿಯಾದ ದಾರಿ ಹಿಡಿದರು. ಅದು ಬೇಗ ಕೆಲಸ ಮಾಡುತ್ತದೆ, ಆದರೆ ಅಮೋನಿಯಾ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆ ಸೇರಿ ಚಂದ್ರನ ಮಣ್ಣಿನಂಥ ಪುಡಿಯಿಂದ ಇಟ್ಟಿಗೆ ಮಾಡಿದ್ದು ಇದೇ ಯೂರಿಯಾ ದಾರಿಯಲ್ಲಿ, ಸ್ಪೋರೋಸಾರ್ಸಿನಾ ಪಾಶ್ಚರೀ ಎಂಬ ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಸೇರಿಸಿ. ನಿಮ್ಮ ವಯಸ್ಸಿನವರು ಅದನ್ನು ಓದಲೇಬೇಕು.

ಎಲ್ಲರೂ ಯಾಕೆ ಬಳಸುವುದಿಲ್ಲ ಅಂದರೆ, ಒಂದು ದುಡ್ಡು. ಬ್ಯಾಕ್ಟೀರಿಯಾಕ್ಕಿಂತ ಅದರ ಆಹಾರ ಮತ್ತು ಹೊದಿಕೆಯೇ ದುಬಾರಿ. ಎರಡು, ಜಲ್ಲಿಯ ಜಾಗದಲ್ಲಿ ಮೆತ್ತನೆ ಉಂಡೆ ಜಾಸ್ತಿ ಹಾಕಿದರೆ ಬಲ ಕಡಿಮೆಯಾಗುತ್ತದೆ. ಮೂರನೆಯದು ನನ್ನನ್ನು ಜಾಸ್ತಿ ಕಾಡುವ ಕಾರಣ. ಕಟ್ಟಿ ಮಾರುವವರಿಗೆ ಹತ್ತು ವರ್ಷದ ನಂತರದ ಸೋರಿಕೆ ತಮ್ಮ ಖರ್ಚಲ್ಲ. ಆ ಖರ್ಚು ಬರುವುದು ಫ್ಲ್ಯಾಟ್ ಕೊಂಡವರ ತಲೆ ಮೇಲೆ. ಹಾಗಾಗಿ ಇದು ಮೊದಲು ಕಾಲಿಡಬೇಕಾದದ್ದು ಕಟ್ಟಿದವರೇ ನೋಡಿಕೊಳ್ಳಬೇಕಾದ ಕೆಲಸಗಳಿಗೆ. 2014ರಲ್ಲಿ ಈಕ್ವೆಡಾರ್‌ನ ಬೆಟ್ಟಪ್ರದೇಶದ ಒಂದು ನೀರಾವರಿ ಕಾಲುವೆಗೆ ಹಾಕಿ ನೋಡಿದರು. 2015ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ರಸ್ತೆ ಕಾಮಗಾರಿಯ ಜಾಗದಲ್ಲಿ ಬ್ಯಾಕ್ಟೀರಿಯಾವೂ ಸೇರಿದಂತೆ ಬೇರೆ ಬೇರೆ ವಿಧಾನಗಳ ಗೋಡೆಗಳನ್ನು ಪಕ್ಕಪಕ್ಕ ಕಟ್ಟಿ ಪರೀಕ್ಷಿಸಿದರು. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಎಷ್ಟೊಂದು ಕಿಂಡಿ ಅಣೆಕಟ್ಟುಗಳಿವೆ. ಸಿಹಿನೀರು, ಸದಾ ತೇವ, ಚಳಿ ಇಲ್ಲ, ಬಿರುಕಿಗೆ ಕೈ ಹಾಕಲು ವರ್ಷದಲ್ಲಿ ಕೆಲವೇ ತಿಂಗಳು. ಈ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕಾ? ನಿಮ್ಮ ಮುಂದಿನ ಪ್ರಾಜೆಕ್ಟಿಗೆ ಕಿಂಡಿ ಅಣೆಕಟ್ಟಿನ ಒಂದು ಕಂಬದಷ್ಟು ಕಾಂಕ್ರೀಟ್ ಯೋಚಿಸಿ. ಲೆಕ್ಕ ಹಾಕಲು ನಾನು ಸಹಾಯ ಮಾಡುತ್ತೇನೆ, ಪತ್ರಿಕೆಯ ವಿಳಾಸಕ್ಕೇ ಬರೆಯಿರಿ.

ನಮ್ಮ ಅಜ್ಜನ ಕಾಲದಲ್ಲಿ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು, ಆ ಗೋಡೆಗಳು ಇವತ್ತಿಗೂ ನಿಂತಿವೆ. ಬೆಲ್ಲವೂ ಸೂಕ್ಷ್ಮಜೀವಿಗೆ ಆಹಾರ ಅಲ್ವಾ? ನಮ್ಮ ಸಿಮೆಂಟಿಗೆ ಬೆಲ್ಲ ಹಾಕಿದರೆ ಅದೂ ತಾನೇ ಮುಚ್ಚಿಕೊಳ್ಳಬಹುದಾ?
– ಕಾರ್ಕಳದ ಓದುಗರು

ದಯವಿಟ್ಟು ಹಾಕಬೇಡಿ. ಅಜ್ಜನ ಗಾರೆ ಸುಣ್ಣದ್ದು. ನಮ್ಮ ಕರಾವಳಿಯಲ್ಲಿ ಮರುವಾಯಿ ಚಿಪ್ಪು ಸುಟ್ಟು, ನೀರು ಹಾಕಿ ಅರಳಿಸಿ, ಹೊಯಿಗೆ ಸೇರಿಸಿ ಮಾಡುತ್ತಿದ್ದರು. ಸುಣ್ಣ ಗಟ್ಟಿಯಾಗುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು, ತಿಂಗಳುಗಟ್ಟಲೆ ನಿಧಾನಕ್ಕೆ. ಚಿಪ್ಪು ಸುಟ್ಟು ಸುಣ್ಣವಾಯಿತು, ಗೋಡೆಯಲ್ಲಿ ಕೂತು ಮತ್ತೆ ಚಿಪ್ಪಿನ ಕಲ್ಲೇ ಆಯಿತು. ಅಲ್ಲಿ ಬೆಲ್ಲಕ್ಕೆ ಜಾಗ ಇತ್ತು. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆ ಸೇರಿ, ಗಂಟೆಗಳ ಲೆಕ್ಕದಲ್ಲಿ. ಸಕ್ಕರೆ ಅಂಶ ಆ ಕೆಲಸವನ್ನೇ ತಡೆಯುತ್ತದೆ. 50 ಕೆಜಿಯ ಒಂದು ಬ್ಯಾಗಿಗೆ 25 ಗ್ರಾಂ ಸಕ್ಕರೆ ಬಿದ್ದರೆ ಸಾಕು, ಗಟ್ಟಿಯಾಗುವುದು ಗಂಟೆಗಟ್ಟಲೆ ಮುಂದಕ್ಕೆ ಹೋಗುತ್ತದೆ. ಅರ್ಧ ಕೆಜಿ ಬಿದ್ದರೆ ಅದು ಗಟ್ಟಿಯಾಗುವ ಆಸೆಯನ್ನೇ ಬಿಡಬೇಕು. ವಿಜ್ಞಾನಿಗಳು ಆಹಾರಕ್ಕೆ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೇ ಹುಡುಕಿ ತೆಗೆದದ್ದು ಸಿಮೆಂಟಿಗೆ ತೊಂದರೆ ಕೊಡದ ಊಟ ಬೇಕು ಅಂತಲೇ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ನಿಜ ಉಂಟು. ಹಳೆಯ ಸುಣ್ಣದ ಗಾರೆಗೂ ತನ್ನ ಸಣ್ಣ ಬಿರುಕು ಮುಚ್ಚಿಕೊಳ್ಳುವ ಗುಣ ಇತ್ತು. ನೀರು ಸುಣ್ಣವನ್ನು ಕರಗಿಸಿ ಬಿರುಕಿಗೆ ತಂದು ಕಲ್ಲು ಮಾಡುತ್ತಿತ್ತು. ಎರಡು ಸಾವಿರ ವರ್ಷದ ರೋಮನ್ ಕಾಂಕ್ರೀಟಿನಲ್ಲಿ ಕಾಣುವ ಬಿಳಿ ಸುಣ್ಣದ ಹರಳುಗಳು ಇದೇ ಕೆಲಸ ಮಾಡುತ್ತವೆ ಅಂತ ಅಮೆರಿಕದ ಎಂಐಟಿಯ ಅಡ್ಮೀರ್ ಮಾಸಿಕ್ ತಂಡ 2023ರಲ್ಲಿ ಬರೆಯಿತು. ನಿಮ್ಮ ಅಜ್ಜನ ಗೋಡೆಗೆ ದುರಸ್ತಿ ಬಂದರೆ ಸಿಮೆಂಟ್ ಮೆತ್ತಬೇಡಿ, ಸುಣ್ಣದ ಗಾರೆಯಲ್ಲೇ ಮಾಡಿಸಿ. ಆ ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿಗಳು ಇನ್ನೂ ಸಿಗುತ್ತಾರೆ, ಅವರಿರುವಾಗಲೇ ಮಾಡಿಸಿಕೊಳ್ಳಿ.

ಮನೆಯಲ್ಲಿ ಆರು ತಿಂಗಳ ಮಗು ಇದೆ. ಗೋಡೆಯೊಳಗೆ ಬ್ಯಾಕ್ಟೀರಿಯಾ ಅಂದರೆ ಭಯ ಆಗುತ್ತದೆ.
– ಮುಲ್ಕಿಯ ಓದುಗರು

ಭಯ ಬೇಡ. ಇವು ರೋಗ ತರುವ ಜಾತಿಗಳಲ್ಲ. ಕ್ಷಾರದಲ್ಲಿ ಬದುಕುವ ಇವುಗಳಿಗೆ ನಮ್ಮ ಮೈ ಇಷ್ಟದ ಜಾಗವೂ ಅಲ್ಲ. ಕುಡಿಯುವ ನೀರಿನ ಟಾಂಕಿಯ ಒಳಗೆ ಹಚ್ಚುವುದಾದರೆ ಮಾತ್ರ, ಬ್ಯಾಕ್ಟೀರಿಯಾ ಇರಲಿ ಇಲ್ಲದಿರಲಿ, ಯಾವ ಲೇಪವಾದರೂ ಕುಡಿಯುವ ನೀರಿಗೆ ಆಗುತ್ತದೆ ಅಂತ ಪ್ರಮಾಣಪತ್ರ ಇದ್ದರೆ ಮಾತ್ರ ಬಳಸಿ.

ಉಳ್ಳಾಲದಲ್ಲಿ ಕಡಲಿಗೆ ಹತ್ತಿರವೇ ನಮ್ಮ ಜಾಗ. ಈ ದೀಪಾವಳಿ ಕಳೆದು ಮನೆ ಶುರು ಮಾಡಬೇಕು ಅಂತಿದ್ದೇವೆ. ಈ ಕಾಂಕ್ರೀಟ್ ಸಿಗುವವರೆಗೆ ಕಾಯುವುದು ಒಳ್ಳೆಯದಾ?
– ಉಳ್ಳಾಲದ ಓದುಗರು

ಕಾಯಬೇಡಿ, ದೀಪಾವಳಿ ಕಳೆದು ಶುರು ಮಾಡಿ. ಬ್ಯಾಕ್ಟೀರಿಯಾ ನಾಳೆ ಅಗ್ಗವಾಗಿ ಸಿಕ್ಕಿದರೂ ನಿಮ್ಮ ಜಾಗಕ್ಕೆ ಮೊದಲು ಬೇಕಾದದ್ದು ಉಪ್ಪನ್ನು ಸರಳಿನಿಂದ ದೂರ ಇಡುವ ಕಾಂಕ್ರೀಟ್. ಅದಕ್ಕೆ ಬೇಕಾದದ್ದೆಲ್ಲ ಇವತ್ತೇ ಸಿಗುತ್ತದೆ.

ಕಡಲಗಾಳಿಗೆ ತೆರೆದ ಕಾಂಕ್ರೀಟಿಗೆ ಐಎಸ್ 456 ಕೇಳುವುದು ಬಲದಲ್ಲಿ ಕನಿಷ್ಠ ಎಂ30 ದರ್ಜೆ, ಸರಳಿನ ಹೊರಗೆ 45 ಮಿ.ಮೀ. ಕವರ್, ಸಿಮೆಂಟಿನ ತೂಕದ 0.45 ಪಾಲಿಗಿಂತ ಜಾಸ್ತಿಯಾಗದ ನೀರು. ಅಂದರೆ 50 ಕೆಜಿ ಬ್ಯಾಗಿಗೆ 22.5 ಲೀಟರ್, ಒದ್ದೆ ಹೊಯಿಗೆಯಲ್ಲಿರುವ ನೀರೂ ಸೇರಿ. ಮೇಸ್ತ್ರಿ ಇದು ತುಂಬಾ ಗಟ್ಟಿ, ಹರಿಯುವುದಿಲ್ಲ ಅನ್ನುತ್ತಾರೆ. ಅವರು ಹೇಳುವುದು ನಿಜವೇ, ಅದಕ್ಕೆ ನೀರು ಹೆಚ್ಚಿಸದೆಯೇ ಕಾಂಕ್ರೀಟನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರ್ ಹಾಕಿಸಿ, ವೈಬ್ರೇಟರ್ ಸರಿಯಾಗಿ ಹಿಡಿಸಿ, ನೀರು ಮಾತ್ರ ಸುರಿಯಲು ಬಿಡಬೇಡಿ. ಜಾಸ್ತಿ ಸುರಿದ ನೀರು ಆವಿಯಾಗಿ ಹೋದ ಜಾಗವೆಲ್ಲ ಉಪ್ಪಿಗೆ ದಾರಿ. ಸಿಮೆಂಟಿನಲ್ಲಿ ಸ್ಲ್ಯಾಗ್ (ಕಬ್ಬಿಣದ ಕಾರ್ಖಾನೆಯ ಕಿಟ್ಟದ ಪುಡಿ) ಸೇರಿಸಿದ ಬಗೆ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದಕ್ಕೆ ಕ್ಯೂರಿಂಗ್, ಅಂದರೆ ಒದ್ದೆ ಇಡುವುದು, ಕನಿಷ್ಠ 10 ದಿನ ಬೇಕೇ ಬೇಕು. ಟೆರೇಸಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಒದ್ದೆ ಗೋಣಿ ಸುತ್ತಿ. ನಿಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಬಾಯಿಗೆ ಉಪ್ಪಾದರೆ ಕಾಂಕ್ರೀಟಿಗೂ ಅದು ಬೇಡ, ಕಲಸಲೂ ಬೇಡ, ಕ್ಯೂರಿಂಗಿಗೂ ಬೇಡ, ಟ್ಯಾಂಕರ್ ತರಿಸಿ. ಹೊಯಿಗೆ ಅಳಿವೆಯ ಕಡೆಯದ್ದಾದರೆ ಅದರಲ್ಲೂ ಉಪ್ಪು ಇರುತ್ತದೆ. ಮನೆ ಆದ ಮೇಲೆ ಟೆರೇಸಿನ ಮೇಲೆ ಶೀಟ್ ಹಾಕಿಸಿದರೆ ಒಳ್ಳೆಯದು, ನಮ್ಮೂರವರು ಮಳೆ ನೋಡಿ ಕಲಿತ ಪಾಠ ಅದು, ಅದರಲ್ಲಿ ತಪ್ಪಿಲ್ಲ.

ಕವರ್ ಬ್ಲಾಕ್ ಅಂಗಡಿಯಲ್ಲಿ ಸಿದ್ಧ ಸಿಗುತ್ತವೆ. ನಿಮ್ಮ ಎಂಜಿನಿಯರ್ ಬರೆದುಕೊಟ್ಟ ದಪ್ಪದ್ದೇ ತರಿಸಿ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಸಂಜೆ, ಬೆಳಕಿರುವಾಗಲೇ, ನೀವೇ ಸೆಂಟ್ರಿಂಗ್ ಮೇಲೆ ಹತ್ತಿ. ಒಂದೊಂದು ಕೋಣೆಯಲ್ಲಿ ನಾಲ್ಕು ಕಡೆ ಕೂತು ಹಲಗೆಗೂ ಸರಳಿಗೂ ನಡುವೆ ಟೇಪ್ ಹಿಡಿದು ನೋಡಿ. ಸಜ್ಜಾ ಮರೆಯಬೇಡಿ. ಎಲ್ಲಾದರೂ ಜಲ್ಲಿ ಚೂರು ಸಿಕ್ಕಿಸಿದ್ದು ಕಂಡರೆ ಮರುದಿನದ ಕೆಲಸ ನಿಲ್ಲಿಸಿ, ಬ್ಲಾಕ್ ಬಂದ ಮೇಲೆಯೇ ಮಿಕ್ಸರ್ ತಿರುಗಲಿ.